ಜಾನ್ ಹೊವಾರ್ಡ್ ಕೈಯನ್

ಜಾನ್ ಹೊವಾರ್ಡ್ ಕೈಯನ್ (ನವೆಂಬರ್ ೨೭, ೧೭೭೪ – ಜನವರಿ ೫, ೧೮೫೦) ಮರಮುಟ್ಟುಗಳು ಶಿಲೀಂಧ್ರಗಳಿಂದ ಕೊಳೆಯದಂತೆ ರಕ್ಷಿಸುವ ರಾಸಾಯನಿಕ ವಿಧಾನವೊಂದನ್ನು ರೂಪಿಸಿದ ಐರ್ಲೆಂಡಿನ ಸಂಶೋಧಕರು. ಈ ವಿಧಾನವು ಅವರ ಹೆಸರಿನಿಂದಲೇ 'ಕೈಯನೈಸಿಂಗ್' ಎಂದು ಪ್ರಸಿದ್ಧವಾಯಿತು.

ಹಿನ್ನೆಲೆ

ಕೈಯನ್ ಡಬ್ಲಿನ್ ನಗರದಲ್ಲಿ ಜನಿಸಿದರು. ಅವರ ತಂದೆ ವಿಕ್ಲೋ ಪ್ರಾಂತ್ಯದಲ್ಲಿ ತಾಮ್ರದ ಗಣಿಗಳ ಒಡೆಯರಾಗಿದ್ದರು. ಗಣಿಗಳ ಆಡಳಿತಕ್ಕೆಂದೇ ಮಗನಿಗೆ ಶಿಕ್ಷಣ ಕೊಡಿಸಲಾಯಿತು. ಆದರೆ ಉದ್ಯಮವು ನಷ್ಟಕ್ಕೀಡಾಗಿ, ೧೮೦೪ರಲ್ಲಿ ತಂದೆ ಬಡತನದಲ್ಲಿ ತೀರಿಕೊಂಡರು. ಮುಂದೆ ಕೈಯನ್ ನ್ಯೂಕ್ಯಾಸಲ್ ಮತ್ತು ಲಂಡನ್ ನಗರಗಳ ವಿನಿಗರ್ ಕಾರ್ಖಾನೆಗಳಲ್ಲಿ ದುಡಿದರು.

ಸಂಶೋಧನೆ

ತಂದೆಯ ಗಣಿಗಳಲ್ಲಿ ಆಧಾರಕ್ಕೆ ನಿಲ್ಲಿಸಿದ್ದ ಮರದ ಕಂಬಗಳು ಕೊಳೆಯುತ್ತಿದ್ದುದನ್ನು ಗಮನಿಸಿದ್ದ ಅವರು ೧೮೧೨ರಲ್ಲಿ ಪ್ರಯೋಗಗಳನ್ನು ಆರಂಭಿಸಿದರು. ಪಾದರಸದ ಕ್ಲೋರೈಡಿನ ದ್ರಾವಣದಲ್ಲಿ ನೆನೆಸಿದ ಮರವು ಕೊಳೆಯುವುದಿಲ್ಲವೆಂದು ಕಂಡುಕೊಂಡರು. ತೇವವುಳ್ಳ ಮರದ ಕೋಶಭಿತ್ತಿಗಳನ್ನು ಕರಗಿಸಿ ಬೆಳೆಯುವ ಶಿಲೀಂಧ್ರಗಳಿಗೆ ಈ ಲವಣವು ವಿಷವಾಗಿದೆ. ೧೮೨೮ರಲ್ಲಿ ಅವರು ಒಪ್ಪಿಸಿದ ಓಕ್ ಮರದ ತುಂಡನ್ನು ಬ್ರಿಟಿಷ್ ನೌಕಾ ಆಡಳಿತವು ವೂಲ್ವಿಚ್‌ನಲ್ಲಿದ್ದ 'ಶಿಲೀಂಧ್ರ ಗುಂಡಿ'ಯಲ್ಲಿ ಇರಿಸಿತು. ಮೂರು ವರ್ಷಗಳ ಬಳಿಕ ಹೊರತೆಗೆದಾಗಲೂ ಅದು ಕೆಡದೆ ಗಟ್ಟಿಯಾಗಿತ್ತು. ೧೮೩೨ರಲ್ಲಿ ಕೈಯನ್ ಪೇಟೆಂಟ್ ಪಡೆದರು. ಮರುವರ್ಷ ವಿಜ್ಞಾನಿ ಮೈಕಲ್ ಫ್ಯಾರಡೆ ಈ ವಿಧಾನದ ಕುರಿತು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಉಪನ್ಯಾಸ ನೀಡಿದರು.

ಬಳಕೆ ಮತ್ತು ಹಿನ್ನಡೆ

೧೮೩೬ರಲ್ಲಿ ಕೈಯನ್ ತಮ್ಮ ಹಕ್ಕುಗಳನ್ನು ಕಂಪನಿಯೊಂದಕ್ಕೆ ಮಾರಿದರು. ಬ್ರಿಟಿಷ್ ಮ್ಯೂಸಿಯಂ ಕಟ್ಟಡದ ಮರಗಳಿಗೂ ರೈಲು ಹಳಿಗಳ ಕೆಳಗಿನ ದಿಮ್ಮಿಗಳಿಗೂ ಈ ಸಂಸ್ಕರಣೆ ನಡೆಯಿತು. ಆದರೆ ಶಿಲೀಂಧ್ರವನ್ನು ತಡೆದ ಲವಣವೇ ಕಬ್ಬಿಣವನ್ನೂ ಕೊರೆಯುತ್ತಿತ್ತು. ಆದ್ದರಿಂದ ಸಂಸ್ಕರಿಸಿದ ದಿಮ್ಮಿಗಳಿಗೆ ಕಬ್ಬಿಣದ ಮೊಳೆಗಳನ್ನು ಬಳಸುವಂತಿರಲಿಲ್ಲ. ಅದರ ಬೆಲೆಯೂ ಹೆಚ್ಚಾಗಿತ್ತು. ೧೮೩೮ರಲ್ಲಿ ಜಾನ್ ಬೆಥೆಲ್ ಪೇಟೆಂಟ್ ಪಡೆದ, ಒತ್ತಡದಿಂದ ಮರದೊಳಕ್ಕೆ ಟಾರೆಣ್ಣೆ ಸೇರಿಸುವ ವಿಧಾನವು ಕ್ರಮೇಣ ಮೇಲುಗೈ ಸಾಧಿಸಿತು.

ನಿಧನ

ನ್ಯೂಯಾರ್ಕ್ ನಗರದ ಕುಡಿಯುವ ನೀರನ್ನು ಶೋಧಿಸುವ ಯೋಜನೆಯಲ್ಲಿ ತೊಡಗಿದ್ದಾಗ ಕೈಯನ್ ಅಲ್ಲಿಯೇ ನಿಧನರಾದರು.