ಎಂಆರ್‌ಐ ಯಂತ್ರದ ಚಳಿಗೆ ಮೂಲಪುರುಷ ಕಾಮರ್ಲಿಂಗ್ ಆನ್ಸ್

ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಮಾಡಿಸಿದವರಿಗೆ ಆ ಯಂತ್ರದ ಟಕಟಕ ಸದ್ದು ಗೊತ್ತು. ಆದ್ರೆ ಅದರ ಹೊಟ್ಟೆಯೊಳಗೆ ಮೈನಸ್ 269 ಡಿಗ್ರಿ ಚಳಿ ಇರುತ್ತೆ ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ಅಂಥ ಚಳಿಯನ್ನು ಮೊದಲು ಸಾಧಿಸಿದವರು ಹಾಲೆಂಡಿನ ಹೈಕೆ ಕಾಮರ್ಲಿಂಗ್ ಆನ್ಸ್.

ಹುಟ್ಟಿದ್ದು 1853ರಲ್ಲಿ, ಗ್ರೋನಿಂಗನ್ ಊರಿನಲ್ಲಿ. ತಂದೆಯದು ಹೆಂಚಿನ ಕಾರ್ಖಾನೆ. 1882ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು. ಆರೋಗ್ಯ ಅಷ್ಟಕ್ಕಷ್ಟೇ, ಹಟ ಮಾತ್ರ ಜಾಸ್ತಿ.

ಅನಿಲಗಳನ್ನು ಒತ್ತಿ, ತಣ್ಣಗೆ ಮಾಡಿ ನೀರಾಗಿಸೋದು ಅವರ ಕೆಲಸ. ಊರವರಿಗೆ ಇದೇ ಭಯ. 1807ರಲ್ಲಿ ಲೈಡನ್ನಿನ ಕಾಲುವೆಯಲ್ಲಿ ಮದ್ದು ತುಂಬಿದ ಹಡಗು ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಪ್ರಯೋಗಾಲಯ ಎದ್ದಿದ್ದೂ ಅದೇ ಹಾಳುಬಿದ್ದ ಜಾಗದಲ್ಲಿ. 1895ರಲ್ಲಿ ಪುರಸಭೆಯ ಆಕ್ಷೇಪದಿಂದ ಕೆಲಸ ನಿಂತಿತು. ಮತ್ತೆ ಶುರುವಾಗಲು ಮೂರು ವರ್ಷ ಹಿಡೀತು. ಜನರ ಭಯವನ್ನೂ ತಪ್ಪು ಅನ್ನೋಕಾಗಲ್ಲ ಬಿಡಿ.

1908ರ ಜುಲೈ 10. ಬೆಳಗಿನ ಜಾವ ಶುರುವಾದ ಕೆಲಸ ಸಂಜೆಯಾದ್ರೂ ಮುಗಿಯಲಿಲ್ಲ. ಹೀಲಿಯಂ ದ್ರವವಾಗಿತ್ತು, ಆದ್ರೆ ಯಾರ ಕಣ್ಣಿಗೂ ಬೀಳಲಿಲ್ಲ! ನೋಡಲು ಬಂದಿದ್ದ ಇನ್ನೊಬ್ಬ ಪ್ರೊಫೆಸರ್ ಹೇಳಿದಂತೆ ಕೆಳಗಿಂದ ದೀಪ ಹಿಡಿದಾಗ ದ್ರವದ ಅಂಚು ಕಾಣಿಸಿತು. ಸಿಕ್ಕಿದ್ದು ಸುಮಾರು 60 ಮಿಲಿಲೀಟರ್, ಒಂದು ಸಣ್ಣ ಲೋಟದ ಟೀಯಷ್ಟು.

ಆ ಚಳಿಯಲ್ಲಿ 1911ರಲ್ಲಿ ಪಾದರಸದೊಳಗೆ ಕರೆಂಟ್ ಹರಿಸಿದಾಗ ಪ್ರತಿರೋಧ ಏಕಾಏಕಿ ಮಾಯವಾಯ್ತು. ಅದೇ ಸೂಪರ್‌ಕಂಡಕ್ಟಿವಿಟಿ. ಅಳತೆ ಮಾಡಿದ ಸಹಾಯಕ ಗಿಲ್ಲೆಸ್ ಹೋಲ್ಸ್ಟ್. ಪ್ರಬಂಧದಲ್ಲಿ ಇದ್ದದ್ದು ಮಾತ್ರ ಆನ್ಸ್ ಒಬ್ಬರ ಹೆಸರು. ಇದು ನ್ಯಾಯ ಅನ್ನಿಸೋದಿಲ್ಲ. 1913ರಲ್ಲಿ ನೊಬೆಲ್ ಬಂತು.

ಇಂಥ ತಂತಿಯಿಂದ ಭಾರೀ ಅಯಸ್ಕಾಂತ ಮಾಡುವ ಆಸೆ ಅವರಿಗಿತ್ತು. ಸೀಸದ ತಂತಿ ಸುತ್ತಿ ನೋಡಿದರು. ಕಾಂತಬಲ ಸ್ವಲ್ಪ ಏರಿದ್ದೇ ತಡ, ತಂತಿಯ ಆ ಗುಣವೇ ಹೋಯ್ತು. ಆಸೆ ಕೈಗೂಡುವ ಮೊದಲೇ, 1926ರಲ್ಲಿ ತೀರಿಕೊಂಡರು. ಮುಂದೆ ನಯೋಬಿಯಂ-ಟೈಟಾನಿಯಂ ತಂತಿ ಬಂದು ಎಂಆರ್‌ಐ ಸಾಧ್ಯವಾಯ್ತು.

ಪ್ರತಿರೋಧ ಏಕಾಏಕಿ ಬದಲಾಗುವ ಗುಣಕ್ಕೆ ಇನ್ನೊಂದು ಉಪಯೋಗವೂ ಇದೆ. ತೆಳು ಲೋಹದ ಪದರವನ್ನು ಸರಿಯಾಗಿ ಆ ಅಂಚಿನ ಚಳಿಯಲ್ಲಿ ಇಡ್ತಾರೆ. ಎಕ್ಸ್‌-ರೇಯ ಒಂದೇ ಕಣ ಬಡಿದರೂ ಚೂರು ಬಿಸಿಯಾಗಿ ಪ್ರತಿರೋಧ ಏರುತ್ತೆ, ಆ ಕಣದ ಶಕ್ತಿ ಎಷ್ಟು ಅಂತ ಲೆಕ್ಕ ಸಿಗುತ್ತೆ. 1940ರ ದಶಕದಲ್ಲೇ ಅಮೆರಿಕದ ಡೊನಾಲ್ಡ್ ಆಂಡ್ರ್ಯೂಸ್ ಇಂಥ ವಿಕಿರಣ ಪತ್ತೆ ಸಾಧನ ಮಾಡಿದ್ದರು. ದೇಹದ ಚಿತ್ರ ತೆಗೆಯಲು ಇದನ್ನು ಬಳಸುವ ಯತ್ನ ಪ್ರಯೋಗಾಲಯಗಳಲ್ಲಿ ನಡೀತಿದೆ. ಆಸ್ಪತ್ರೆಗೆ ತರಲು ದೊಡ್ಡ ಅಡ್ಡಿ ಅದೇ ಚಳಿ, ಮತ್ತೆ ಅದರ ಖರ್ಚು.