ಕ್ರೀಡಾಂಗಣದ ಧೀರ ಪಾಳವಣಕರ ಬಾಳೂ

ಆಟವೆಂದರೆ ಬರಿಯ ಕಾಲಹರಣವೆಂದು ಭಾವಿಸುವವರು ನಮ್ಮಲ್ಲಿ ಇನ್ನೂ ಉಂಟು. ವ್ಯಾಯಾಮದಿಂದ ದೇಹ ದೃಢವಾಗುವುದೆಂದು ಒಪ್ಪುವವರೂ ಸಹ, ಆಟಕ್ಕೂ ಸಮಾಜನೀತಿಗೂ ಏನು ಸಂಬಂಧವೆಂದು ಕೇಳುವುದುಂಟು. ಅಂಥವರು ಪಾಳವಣಕರ ಬಾಳೂ ಅವರ ಚರಿತ್ರೆಯನ್ನು ಒಮ್ಮೆ ಓದಬೇಕು.

ಬಾಳೂ ಅವರು ಜನಿಸಿದುದು 1876ರ ಸುಮಾರಿಗೆ, ಧಾರವಾಡದಲ್ಲಿ. ಮನೆತನದ ಹೆಸರು ಕೊಂಕಣ ಸೀಮೆಯ ಒಂದು ಹಳ್ಳಿಯಿಂದ ಬಂದದ್ದು, ಮನೆಮಾತು ಮರಾಠಿ. ಧಾರವಾಡವೂ ಸೊಲ್ಲಾಪುರವೂ ಪುಣೆಯೂ ಆಗ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ತಂದೆ ಸೈನ್ಯದ ಸೇವೆಯಲ್ಲಿದ್ದವರು. ಕುಟುಂಬವು ಪುಣೆಗೆ ಬಂದು ನೆಲೆಸಿದಾಗ, ಬಾಲಕ ಬಾಳೂ ಮತ್ತು ತಮ್ಮ ಶಿವರಾಮ ಇಬ್ಬರೂ ದಂಡಿನ ಅಧಿಕಾರಿಗಳು ಬಿಸುಟ ದಾಂಡು ಚೆಂಡುಗಳಿಂದ ಕ್ರಿಕೆಟ್ ಆಟವನ್ನು ಅಭ್ಯಾಸಮಾಡಿದರು. ಅವರದು ಚರ್ಮದ ಕಸುಬಿನ ಸಮಾಜ. ಅಸ್ಪೃಶ್ಯವೆಂದು ದೂರವಿರಿಸಲ್ಪಟ್ಟ ಸಮಾಜ.

ಬಡತನದ ಕಾರಣ ವಿದ್ಯಾಭ್ಯಾಸ ಮುಂದುವರಿಯಲಿಲ್ಲ. ಪುಣೆಯ ಪಾರಸಿಗಳ ಒಂದು ಕ್ರಿಕೆಟ್ ಸಂಘದಲ್ಲಿ ಅಂಗಣ ಗುಡಿಸುವ ಕೆಲಸ ದೊರೆಯಿತು. ಸಂಬಳ ತಿಂಗಳಿಗೆ 3 ರೂಪಾಯಿ. ಅನಂತರ ಐರೋಪ್ಯರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿಯ ನೌಕರಿ. ನೆಲಕ್ಕೆ ಉರುಳುಗಲ್ಲು ಎಳೆಯುವುದು, ಬಲೆ ಕಟ್ಟುವುದು, ಗೆರೆ ಹಾಕುವುದು, ಇವು ನಿತ್ಯದ ಕೆಲಸಗಳು. ದೊರೆಗಳ ಅಭ್ಯಾಸಕ್ಕಾಗಿ ಚೆಂಡೆಸೆಯುವುದೂ ಕ್ರಮೇಣ ಅವರ ಪಾಲಿಗೆ ಬಂದಿತು. ಆ ಕಾಲದ ಪ್ರಸಿದ್ಧ ದಾಂಡಿಗ ಕ್ಯಾಪ್ಟನ್ ಗ್ರೇಗ್ ಅವರಿಗೆ ಬಾಳೂ ದಿನವೂ ಚೆಂಡೆಸೆಯುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಗ್ರೇಗ್ ಅವರು ಎಂಟಾಣೆ ಕೊಡುತ್ತಿದ್ದರೆಂದು ಪ್ರತೀತಿ. ಸಾವಿರಾರು ಚೆಂಡುಗಳನ್ನು ಎಸೆದು ಎಸೆದು ಆ ಎಡಗೈ ಪಳಗಿತು. ನಿಧಾನವಾಗಿ ಗಾಳಿಯಲ್ಲಿ ತೇಲಿಬಂದ ಚೆಂಡು ನೆಲ ಮುಟ್ಟಿದೊಡನೆ ತಿರುಗಿ ದಾಂಡಿಗನನ್ನು ವಂಚಿಸುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರೆಂಬುದು ನಮ್ಮ ಗಾದೆ. ಆದರೆ ಅಷ್ಟು ಕಾಲ ಕೈ ಕೆಸರು ಮಾಡಿಕೊಂಡ ಆ ಯುವಕನ ಕೈಗೆ ಆ ಅಂಗಣದಲ್ಲಿ ದಾಂಡನ್ನು ಮಾತ್ರ ಯಾರೂ ಕೊಡಲಿಲ್ಲ.

ಇತ್ತ ಪುಣೆಯ ಹಿಂದೂ ಆಟಗಾರರು ಐರೋಪ್ಯರನ್ನು ಸೋಲಿಸಬೇಕೆಂದು ಹವಣಿಸುತ್ತಿದ್ದರು. ಬಾಳೂ ಅವರಿಲ್ಲದೆ ಗೆಲುವಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು. ಅವರನ್ನು ಸೇರಿಸಿಕೊಳ್ಳಲು ಜಾತಿ ಅಡ್ಡಬಂದಿತು. ಚರ್ಚೆ ನಡೆದು ಕೊನೆಗೆ ತಂಡಕ್ಕೆ ಸೇರಿಸಿಕೊಂಡರು. ಅಂಗಣದಲ್ಲಿ ಅವರು ಮುಟ್ಟಿದ ಚರ್ಮದ ಚೆಂಡನ್ನೇ ಉಳಿದವರೂ ಮುಟ್ಟಿದರು. ಆಟದ ನಡುವಣ ವಿಶ್ರಾಂತಿಯಲ್ಲಿ ಮಾತ್ರ ಅವರಿಗೆ ಮಂಟಪದ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹ; ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಗೆಲುವು ತಂದುಕೊಟ್ಟವರನ್ನು ಹೀಗೆ ನಡೆಸಿಕೊಳ್ಳುವುದು ನ್ಯಾಯವೆ? ಜೊತೆಯಲ್ಲಿ ಆಡುವವರು ಜೊತೆಯಲ್ಲಿ ಉಣ್ಣಲೂ ಬೇಕೆಂದು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಬಹಿರಂಗವಾಗಿ ತಿಳಿಯಹೇಳಿದರು.

1896ರಲ್ಲಿ ಪ್ಲೇಗು ಹಾವಳಿಯೆದ್ದ ದಿನಗಳಲ್ಲಿ ಬಾಳೂ ಮುಂಬಯಿಗೆ ಬಂದರು. ಅಲ್ಲಿಯ ಹಿಂದೂ ಜಿಮಖಾನಾ ತಂಡದಲ್ಲಿ ಸ್ಥಾನವೂ ರೈಲ್ವೆಯಲ್ಲಿ ನೌಕರಿಯೂ ದೊರೆತುವು. ಫೆಬ್ರವರಿ 1906ರಲ್ಲಿ ಹಿಂದೂ ತಂಡವು ಐರೋಪ್ಯರನ್ನು 109 ಓಟಗಳಿಂದ ಸೋಲಿಸಿತು. ಆ ಪಂದ್ಯದಲ್ಲಿ ಬಾಳೂ ಪಡೆದುದು 8 ವಿಕೆಟ್ಟುಗಳು. ಪುಣೆಯಲ್ಲಿ ಬೇರೆಯಾಗಿದ್ದ ಪಂಕ್ತಿ ಮುಂಬಯಿಯ ಆಟಗಾರರಲ್ಲಿ ಒಂದಾಗಿತ್ತು. ಆದುದರಿಂದಲೇ ಸಮಾಜಸುಧಾರಕರು ಈ ಜಯವನ್ನು ಆಟದ ಜಯವೆಂದಷ್ಟೇ ಎಣಿಸಲಿಲ್ಲ.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತೀಯ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ತಂಡವು ಗೆದ್ದುದಕ್ಕಿಂತ ಸೋತುದೇ ಹೆಚ್ಚು. ಆದರೆ ಮೂವತ್ತೈದರ ವಯಸ್ಸಿನ ಬಾಳೂ ಅಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ಟುಗಳನ್ನು ಪಡೆದರು. ಹಿಂದಿರುಗಿದಾಗ ಮುಂಬಯಿಯ ದಲಿತ ಬಾಂಧವರು ಸಭೆ ಸೇರಿಸಿ ಸನ್ಮಾನಿಸಿದರು. ತರುಣ ಭೀಮರಾವ್ ಅಂಬೇಡ್ಕರರಿಗೂ ಆಗ ಅವರು ಅಭಿಮಾನದ ವ್ಯಕ್ತಿ.

ಮುಟ್ಟುವ ಬಾಗಿಲು ತೆರೆಯಿತು. ಉಣ್ಣುವ ಬಾಗಿಲೂ ತೆರೆಯಿತು. ಆಳುವ ಬಾಗಿಲು ಮಾತ್ರ ತೆರೆಯಲಿಲ್ಲ. ಅನುಭವದಲ್ಲಿ ಹಿರಿಯರಾದರೂ ವರ್ಷವರ್ಷವೂ ನಾಯಕ ಪದವಿ ಬೇರೆಯವರಿಗೆ ಸಲ್ಲುತ್ತಿತ್ತು. 1920ರಲ್ಲಂತೂ ತಂಡದಿಂದಲೇ ಅವರನ್ನು ಬಿಟ್ಟರು. ಆಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ತಾವೂ ಆಡುವುದಿಲ್ಲವೆಂದು ಹೊರಬಂದರು. ಜನಾಭಿಪ್ರಾಯ ಅವರ ಪರವಾಯಿತು. ಬಾಳೂ ಉಪನಾಯಕರಾಗಿ ಮರಳಿದರು. ನಾಯಕ ಪೈ ಅವರು ಅಂಗಣದಿಂದ ಹೊರನಡೆದಾಗ ಕೆಲಹೊತ್ತು ತಂಡವನ್ನು ಅವರೇ ನಡೆಸಿದರು. ಅಣ್ಣನಿಗೆ ಪೂರ್ಣವಾಗಿ ದೊರೆಯದ ಆ ಪದವಿ 1923ರಲ್ಲಿ ತಮ್ಮ ವಿಠ್ಠಲರಿಗೆ ದೊರೆಯಿತು. ಆ ವರ್ಷ ಹಿಂದೂ ತಂಡವೇ ಜಯಶಾಲಿಯಾಯಿತು.

ಬಾಳೂ ಅವರ ಮುಂದಿನ ಜೀವನ ಸಾರ್ವಜನಿಕ ಸೇವೆಗೆ ಮುಡಿಪು. 1932ರ ಪುಣೆ ಒಪ್ಪಂದಕ್ಕೆ ಸಹಿ ಮಾಡಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪರವಾಗಿ, ಹಿಂದೊಮ್ಮೆ ತಮ್ಮ ಅಭಿಮಾನಿಯಾಗಿದ್ದ ಅಂಬೇಡ್ಕರರ ಎದುರು ನಿಲ್ಲಬೇಕಾಯಿತು. ಸುಮಾರು ಎರಡು ಸಾವಿರ ಮತಗಳಿಂದ ಸೋತರು. ದಲಿತರ ಉದ್ಧಾರ ಇಬ್ಬರ ಗುರಿ, ದಾರಿಗಳು ಬೇರೆ. ಬಾಳೂ ಅವರು ಜುಲೈ 1955ರಲ್ಲಿ ಮುಂಬಯಿಯಲ್ಲಿ ನಿಧನರಾದರು.

ಆಟವೊಂದೇ ಜಾತಿಯನ್ನು ಅಳಿಸಿತೆಂದರೆ ಅದು ಉತ್ಪ್ರೇಕ್ಷೆಯಾದೀತು. ಅಂಗಣದಲ್ಲಿ ಒಪ್ಪಿದ ಸಮತೆಯನ್ನು ಊಟದ ಸಾಲಿಗೂ ಅಧಿಕಾರದ ಪೀಠಕ್ಕೂ ಕೊಂಡೊಯ್ಯಲು ಮನುಷ್ಯರೇ ಹೋರಾಡಬೇಕಾಯಿತು. ಆದರೆ ಆ ಹೋರಾಟಕ್ಕೆ ಎಲ್ಲರ ಕಣ್ಣಿಗೂ ಕಾಣುವ ಸಾಕ್ಷ್ಯವನ್ನು ಒದಗಿಸಿದುದು ಆಟವೇ. ಬಿದ್ದ ವಿಕೆಟ್ಟನ್ನು ಬಿದ್ದಿಲ್ಲವೆನ್ನಲು ಯಾರಿಗೂ ಸಾಧ್ಯವಿಲ್ಲವಷ್ಟೆ. ನಮ್ಮ ಶಾಲೆಯ ಬಯಲಿನಲ್ಲಿ ಮಕ್ಕಳು ಆಡುವಾಗ ಹಿರಿಯರಾದ ನಾವು ಗಮನಿಸಬೇಕಾದುದೂ ಇದನ್ನೇ. ಚೆಂಡು ಹೆಕ್ಕಿತರಲು ಮಾತ್ರ ನಿಲ್ಲಿಸಿದ ಬಡ ಹುಡುಗ ಅಲ್ಲಿ ಇರುವನೇ? ಬೇಲಿಯ ಬಳಿ ನೋಡುತ್ತ ನಿಂತ ಹುಡುಗಿ ಇರುವಳೇ? ಇದ್ದರೆ ಅವರನ್ನು ಒಳಗೆ ಕರೆಯೋಣ. ದಾಂಡನ್ನೂ ಕೊಡೋಣ, ಸರದಿ ಬಂದಾಗ ನಾಯಕತ್ವವನ್ನೂ ಕೊಡೋಣ. ಧಾರವಾಡದಲ್ಲಿ ಹುಟ್ಟಿದ ಆ ಧೀರನಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.