ಶಹಾಬಾದ್ ಕಲ್ಲಿನೊಳಗಿನ ಲೆಕ್ಕ ಬಿಡಿಸಿದ ಡಾ. ಭಗವಂತಂ

ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಓದಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಭೌತವಿಜ್ಞಾನಿ ಡಾ. ಸೂರಿ ಭಗವಂತಂ ಅವರು ಎರಡೂ ನಗರಗಳ ಅಭಿಮಾನಕ್ಕೆ ಪಾತ್ರರು. ದೊಡ್ಡ ದೊಡ್ಡ ಹುದ್ದೆಗಳಲ್ಲಿದ್ದರೂ ವಿಜ್ಞಾನಲೋಕ ಅವರನ್ನು ನೆನೆಯುವುದು ಹರಳುಗಳ ಬಗೆಗಿನ ಒಂದು ಲೆಕ್ಕದಿಂದ.

1909ರಲ್ಲಿ ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ ಜನಿಸಿದ ಅವರು ಬಿ.ಎಸ್ಸಿ. ಮುಗಿಸಿ 1928ರಲ್ಲಿ ಕಲ್ಕತ್ತೆಗೆ ತೆರಳಿ ಸಿ.ವಿ. ರಾಮನ್ ಅವರ ಶಿಷ್ಯರಾದರು. ರಾಮನ್ ಪರಿಣಾಮ ಬೆಳಕಿಗೆ ಬಂದ ವರ್ಷವೇ ಅದು. 1932ರಲ್ಲಿ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯ ಸೇರಿದರು.

ಸೀರೆಗೆ ಅಚ್ಚು ಒತ್ತುವಾಗ ಒಂದೇ ಅಚ್ಚು ಮತ್ತೆ ಮತ್ತೆ ಬೀಳುತ್ತದೆ. ಹರಳಿನಲ್ಲಿಯೂ ಪರಮಾಣುಗಳ ಒಂದು ಪುಟ್ಟ ಜೋಡಣೆ ಎಲ್ಲ ದಿಕ್ಕಿಗೂ ಮರುಕಳಿಸುತ್ತದೆ. ಅದಕ್ಕೆ ಏಕಮಾನ ಕೋಶ ಅಥವಾ ಯೂನಿಟ್ ಸೆಲ್ ಎನ್ನುತ್ತಾರೆ. ಅದರ ಅಂಚು ಮತ್ತು ಕೋನಗಳ ಅಳತೆಗಳೇ ಜಾಲಕ ಸ್ಥಿರಾಂಕಗಳು. ಅಡುಗೆ ಉಪ್ಪಿನ ಕೋಶದ ಅಂಚು 5.64 ಆಂಗ್‌ಸ್ಟ್ರಾಮ್. ಅಂದರೆ ಒಂದು ಮಿಲಿಮೀಟರ್ ಉದ್ದದಲ್ಲಿ 17 ಲಕ್ಷಕ್ಕೂ ಹೆಚ್ಚು ಕೋಶಗಳು!

ಈ ಅಳತೆಗಳು ಎಕ್ಸ್‌ರೇಯಿಂದ ದೊರೆಯುತ್ತಿದ್ದವು. ಆದರೆ ಪರಮಾಣುಗಳು ಎಷ್ಟು ಬಗೆಯಲ್ಲಿ ಕಂಪಿಸುತ್ತವೆ, ಅವುಗಳಲ್ಲಿ ಎಷ್ಟು ರಾಮನ್ ರೇಖೆಗಳಾಗಿ ಕಾಣಿಸುತ್ತವೆ ಎಂಬುದು ಕಠಿಣ ಪ್ರಶ್ನೆ. ಚಿಟಿಕೆ ಹರಳಿನಲ್ಲೂ ಕೋಟಿ ಕೋಟಿ ಪರಮಾಣುಗಳಿರುವಾಗ ಒಂದೊಂದನ್ನೂ ಎಣಿಸುವುದು ಆಗದ ಮಾತು.

1939ರಲ್ಲಿ ಭಗವಂತಂ ಅವರು ಗಣಿತಜ್ಞ ಟಿ. ವೆಂಕಟರಾಯುಡು ಅವರೊಡನೆ ಇದಕ್ಕೆ ಸುಲಭದ ದಾರಿ ತೋರಿಸಿದರು. ಇಡೀ ಹರಳು ಬೇಡ, ಒಂದು ಕೋಶ ಸಾಕು ಎಂಬುದೇ ಅದರ ತಿರುಳು. ಹೈದರಾಬಾದಿನ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್, ತಾಂಡೂರು ಕಲ್ಲುಗಳನ್ನೇ ನೋಡಬಹುದು. ಇವು ಸುಣ್ಣದ ಕಲ್ಲುಗಳು. ಇವುಗಳ ಮುಖ್ಯ ಖನಿಜ ಕ್ಯಾಲ್ಸೈಟ್. ಅದರ ಅತಿ ಚಿಕ್ಕ ಕೋಶದಲ್ಲಿ 10 ಪರಮಾಣುಗಳಿವೆ. ಒಂದೊಂದಕ್ಕೆ ಮೂರು ದಿಕ್ಕಿನಂತೆ ಒಟ್ಟು 30 ಚಲನೆಗಳು. ಎಲ್ಲ ಪರಮಾಣುಗಳೂ ಒಟ್ಟಾಗಿ ಸರಿಯುವ 3 ಚಲನೆಗಳನ್ನು ಕಳೆದರೆ ಉಳಿಯುವ ಕಂಪನಗಳು 27. ಇವನ್ನು ಸಮ್ಮಿತಿಗೆ ತಕ್ಕಂತೆ ವಿಂಗಡಿಸಿದರೆ ರಾಮನ್ ರೇಖೆಗಳು 5 ಎಂದು ಕಾಗದದ ಮೇಲೆಯೇ ತಿಳಿಯುತ್ತದೆ. ಪ್ರಯೋಗದ ಫಲಿತಾಂಶ ಲೆಕ್ಕಕ್ಕೆ ತಾಳೆಯಾಗದಿದ್ದರೆ, ಊಹಿಸಿದ ರಚನೆಯೇ ತಪ್ಪಿರಬಹುದು ಎಂಬ ಸುಳಿವೂ ಸಿಗುತ್ತದೆ.

ಆನಂತರ ಹೈದರಾಬಾದಿಗೆ ಮರಳಿದ ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, 1952ರಿಂದ 1957ರವರೆಗೆ ಕುಲಪತಿಗಳಾಗಿ ಸೇವೆ ಸಲ್ಲಿಸಿದರು. 1957ರಲ್ಲಿ ಬೆಂಗಳೂರಿನ ಸಂಸ್ಥೆಯ ಹೊಣೆ ಹೊತ್ತರು. 1960ರ ದಶಕದಲ್ಲಿ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿದ್ದರು.

ಕುರ್ಚಿ ದೊಡ್ಡದಾದಂತೆ ಕಡತಗಳು ಹೆಚ್ಚಿ, ಓದು ಬರಹ ಹಿಂದೆ ಬೀಳುವುದು ಸಾಮಾನ್ಯ. ಭಗವಂತಂ ಅವರು ಹಾಗಾಗಗೊಡಲಿಲ್ಲ. ಸಲಹೆಗಾರರಾಗಿದ್ದಾಗಲೇ, 1966ರಲ್ಲಿ, ಹರಳುಗಳ ಸಮ್ಮಿತಿ ಮತ್ತು ಭೌತಗುಣಗಳನ್ನು ಕುರಿತ ಅವರ ಗ್ರಂಥ ಹೊರಬಂತು.

1989ರಲ್ಲಿ ಅವರು ನಿಧನರಾದರು. ಇಂದು ಈ ಲೆಕ್ಕವನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡಿ ಮುಗಿಸುತ್ತದೆ. ವಿಧಾನ ಮಾತ್ರ ಭಗವಂತಂ ಮತ್ತು ವೆಂಕಟರಾಯುಡು ಅವರ ಹೆಸರಿನಲ್ಲೇ ಉಳಿದಿದೆ. ವಿಜ್ಞಾನ ಓದುತ್ತಿರುವ ಹೈದರಾಬಾದಿನ ಕನ್ನಡ ಮಕ್ಕಳು ಈ ಹಿರಿಯರ ಹೆಸರನ್ನು ಅರಿತಿರಬೇಕು.